ಕಂಬದಿಂದ ಮನೆಯವರೆಗಿನ ನೂರು ಮೀಟರ್

ಬೆಂಗಳೂರಿನ ಯಾವುದಾದರೂ ಹಳೇ ಬಡಾವಣೆಯ ಅಡ್ಡರಸ್ತೆಯಲ್ಲಿ ತಲೆ ಎತ್ತಿ ಕರೆಂಟ್ ಕಂಬ ನೋಡಿ. ಕಿರುಬೆರಳು ಗಾತ್ರದ ಕಪ್ಪು ತಂತಿ ಕೇಬಲ್ ಟಿವಿಯವರ ಕೋಆಕ್ಸಿಯಲ್, ಆರ್‌ಜಿ-11. ಅದರಿಂದ ಮನೆಗಳಿಗೆ ಇಳಿದಿರುವ ಸ್ವಲ್ಪ ತೆಳ್ಳಗಿನದು ಆರ್‌ಜಿ-6. ಇವೆರಡರ ನಡುವೆ ಶೂ ಲೇಸಿನ ಹಾಗೆ ಚಪ್ಪಟೆಯಾಗಿ, ಒಂದು ಬದಿಗೆ ಉಕ್ಕಿನ ಎಳೆ ಸೇರಿಸಿಕೊಂಡು ಹೋಗಿರುವುದು ಫೈಬರ್ ಡ್ರಾಪ್ ಕೇಬಲ್, ಅಂದರೆ ಒಳಗೆ ಗಾಜಿನ ಎಳೆ ಇರುವ, ಕಂಬದಿಂದ ಮನೆಗೆ ಇಳಿಸುವ ತಂತಿ. ಮಿಕ್ಕಿದ್ದನ್ನು ಕತ್ತರಿಸದೆ ಸುರುಳಿ ಸುತ್ತಿ ಕಂಬಕ್ಕೇ ನೇತುಹಾಕಿರುತ್ತಾರೆ. ಹತ್ತು ವರ್ಷದ ಹಿಂದೆ ಕೋಆಕ್ಸಿಯಲ್ಲೇ ಕಾಣುತ್ತಿತ್ತು. ಈಗ ಲೆಕ್ಕ ಹಾಕಿದರೆ ಲೇಸುಗಳೇ ಜಾಸ್ತಿ.

ಟೆಲಿಕಾಂ ಕಂಪನಿಗಳ ಜಾಹೀರಾತು ನೋಡಿದರೆ ಇದು ವೇಗದ ಜಗಳ ಅನ್ನಿಸುತ್ತದೆ. 100 ಎಂಬಿಪಿಎಸ್, 300 ಎಂಬಿಪಿಎಸ್, 1 ಜಿಬಿಪಿಎಸ್. ನನ್ನ ಪ್ರಕಾರ ವೇಗ ಬರೀ ನೆಪ. ಕಂಬದಿಂದ ಮನೆಯ ಹಾಲ್‌ವರೆಗಿನ ನೂರು ಮೀಟರ್ ಯಾರ ಕೈಲಿದೆ ಅನ್ನುವುದೇ ಜಗಳ. ಮೊದಲಿಂದಲೂ ಅದು ಕೇಬಲ್‌ನವರ ಕೈಲಿತ್ತು. ಅವರನ್ನು ದಾಟಿಕೊಂಡು ಹೋಗೋಣ ಅಂತ ಹೊರಟ ಕಂಪನಿಗಳು ಕೊನೆಗೆ ಅವರನ್ನೇ ಜೊತೆಗೆ ಹಾಕಿಕೊಂಡವು.

ಮೊದಲು ಕೇಬಲ್‌ನವರ ಕಡೆಯ ಬಲಹೀನತೆ ನೋಡೋಣ. ಅಮೆರಿಕದಲ್ಲಿ ಕೇಬಲ್ ಕಂಪನಿಗಳೇ ಇಂಟರ್ನೆಟ್‌ನ ದೊಡ್ಡಣ್ಣಂದಿರು, ಯಾಕೆಂದರೆ ಅಲ್ಲಿ ಕೋಆಕ್ಸಿಯಲ್ ಜಾಲವನ್ನು ಎರಡೂ ದಿಕ್ಕಿಗೆ ಕೆಲಸ ಮಾಡುವ ಹಾಗೆ ಬಹಳ ಹಿಂದೆಯೇ ಬದಲಾಯಿಸಿಕೊಂಡರು. ನಮ್ಮಲ್ಲಿ ಕೇಬಲ್ ಬಹುಪಾಲು ಒಂದೇ ದಿಕ್ಕು: ಚಾನೆಲ್‌ಗಳನ್ನು ಹೊರಡಿಸುವ ಹೆಡ್‌ಎಂಡ್ ಕೇಂದ್ರದಿಂದ ಮನೆಗೆ. ಬೆಂಗಳೂರು, ಮೈಸೂರಿನಲ್ಲಿ ಡಿಜಿಟಲ್ ಸೆಟ್ ಟಾಪ್ ಬಾಕ್ಸ್ ಕಡ್ಡಾಯವಾದದ್ದು ಎರಡನೇ ಹಂತದಲ್ಲಿ, ಗಡುವು 2013ರ ಮಾರ್ಚ್ 31. ಹಾಕಿದ ಬಂಡವಾಳವೆಲ್ಲ ಬಾಕ್ಸಿಗೆ ಹೋಯಿತು, ವಾಪಸ್ ದಾರಿಗೆ ಹೋಗಲಿಲ್ಲ.

ಆ ವಾಪಸ್ ದಾರಿ ಮಾಡಿಕೊಂಡವರಿಗೂ ಸುಖ ಇರಲಿಲ್ಲ. ಟಿವಿ ಕೇಬಲ್‌ನಲ್ಲೇ ಇಂಟರ್ನೆಟ್ ಓಡಿಸುವ ಡಾಕ್ಸಿಸ್ ವ್ಯವಸ್ಥೆಯಲ್ಲಿ ಮನೆಯಿಂದ ಹೊರಗೆ ಹೋಗುವ ಸಿಗ್ನಲ್ 5ರಿಂದ 65 ಮೆಗಾಹರ್ಟ್ಸ್ ಒಳಗೆ ಓಡುತ್ತದೆ. ಮಿಕ್ಸಿ, ಹಳೇ ಟ್ಯೂಬ್‌ಲೈಟಿನ ಚೋಕ್, ಬೈಕಿನ ಸ್ಪಾರ್ಕ್ ಎಲ್ಲವೂ ಗಲಾಟೆ ಮಾಡುವ ಜಾಗ ಅದೇ. ಇನ್ನೂರು ಮನೆಗಳ ಪೈಕಿ ಒಂದರಲ್ಲಿ ತಂತಿ ತುದಿಯ ಎಫ್ ಕನೆಕ್ಟರ್ ಸಡಿಲ ಇದ್ದರೂ ಅಲ್ಲಿ ನುಗ್ಗಿದ ಗಲಾಟೆ ಇಡೀ ನೋಡ್‌ನ, ಅಂದರೆ ಆ ಇನ್ನೂರೂ ಮನೆಯ, ಅಪ್‌ಲೋಡ್ ಕೆಡಿಸುತ್ತದೆ. ಯಾವ ಮನೆ ಅಂತ ಹುಡುಕುವುದು ಅರ್ಧ ದಿನದ ಕೆಲಸ. ಸಾಲದ್ದಕ್ಕೆ ಬೀದಿಬೀದಿಗೆ ಆಂಪ್ಲಿಫೈಯರ್, ಅದಕ್ಕೆ ಕರೆಂಟ್. ಕರೆಂಟ್ ಹೋದರೆ ಮನೆಯಲ್ಲಿ ಯುಪಿಎಸ್ ಇದ್ದೂ ಪ್ರಯೋಜನವಿಲ್ಲ. ಹಾಗಾಗಿ ಬಹಳ ಕಡೆ ಕೇಬಲ್‌ನವರು ಕೋಆಕ್ಸಿಯಲ್ ಬಿಟ್ಟು ಮಹಡಿಯಿಂದ ಮಹಡಿಗೆ ಲ್ಯಾನ್ ಕೇಬಲ್ ಎಳೆದು, ಪ್ಲಾಸ್ಟಿಕ್ ಡಬ್ಬಿಯಲ್ಲಿ ಸ್ವಿಚ್ ಇಟ್ಟು ಇಂಟರ್ನೆಟ್ ಕೊಟ್ಟರು. ಒಂದು ಸಿಡಿಲು ಹೊಡೆದರೆ ಸಾಲಾಗಿ ನಾಲ್ಕು ಸ್ವಿಚ್ ಹೋಗುತ್ತಿದ್ದವು. ಬೆಂಗಳೂರಿನಲ್ಲಿ ಕೇಬಲ್ ಟಿವಿಯಿಂದಲೇ ಶುರುವಾದ ಎಸಿಟಿ ಮಾತ್ರ ಬೇಗ ಫೈಬರ್ ಹಿಡಿಯಿತು. ಈ ಊರಿನಲ್ಲಿ ಅದು ಇನ್ನೂ ಗಟ್ಟಿಯಾಗಿ ನಿಂತಿದ್ದರೆ ಅದಕ್ಕೇ.

ಟೆಲಿಕಾಂನವರೂ ಆರಂಭದಲ್ಲಿ ತಡವರಿಸಿದ್ದುಂಟು. ಏರ್‌ಟೆಲ್ 2016ರಲ್ಲಿ ತಂದ ವಿ-ಫೈಬರ್ ಹೆಸರಿಗಷ್ಟೇ ಫೈಬರ್, ಮನೆಯೊಳಗೆ ಬರುತ್ತಿದ್ದದ್ದು ಹಳೇ ಟೆಲಿಫೋನ್ ತಾಮ್ರದ ತಂತಿಯೇ. ಆಟ ಬದಲಾದದ್ದು 2019ರ ಸೆಪ್ಟೆಂಬರ್ 5ಕ್ಕೆ. ಜಿಯೋ ಫೈಬರ್ ಅವತ್ತು ₹699ಕ್ಕೆ 100 ಎಂಬಿಪಿಎಸ್ ಅಂತ ಬಾಗಿಲು ತೆರೆಯಿತು. ಒಂದು ವರ್ಷದೊಳಗೆ, ಜನ ಮನೆಯಿಂದಲೇ ಕೆಲಸ ಮಾಡುತ್ತಿದ್ದ ಹೊತ್ತಿನಲ್ಲಿ, ₹399ಕ್ಕೆ 30 ಎಂಬಿಪಿಎಸ್ ಪ್ಲಾನ್ ಬಂತು. ಅದರ ಬೆನ್ನಿಗೇ ಏರ್‌ಟೆಲ್ ₹499ಕ್ಕೆ 40 ಎಂಬಿಪಿಎಸ್, ಬಿಎಸ್‌ಎನ್‌ಎಲ್ ₹449ಕ್ಕೆ 30 ಎಂಬಿಪಿಎಸ್. ಅನ್‌ಲಿಮಿಟೆಡ್ ಅಂತ ಹೇಳಿದರೂ ತಿಂಗಳಿಗೆ 3,300 ಜಿಬಿಯ ಗೆರೆ ಇರುತ್ತದೆ, ಸಾಮಾನ್ಯ ಮನೆಗೆ ಅದು ತಟ್ಟುವುದಿಲ್ಲ. 2021ರ ನವೆಂಬರ್ ಹೊತ್ತಿಗೆ ತಂತಿಯ ಬ್ರಾಡ್‌ಬ್ಯಾಂಡ್‌ನಲ್ಲಿ ಜಿಯೋ ಬಿಎಸ್‌ಎನ್‌ಎಲ್ ಅನ್ನು ಹಿಂದೆ ಹಾಕಿತ್ತು.

ಇಷ್ಟು ಬೇಗ ಹೇಗೆ? ಊರು ತುಂಬ ಟವರ್‌ಗಳಿವೆ, ಟವರ್‌ಗೆ ಫೈಬರ್ ಬೇಕೇ ಬೇಕು. 4ಜಿಗೆ ಅಂತ ಮುಖ್ಯರಸ್ತೆಗಳಲ್ಲಿ ಹೂತ 48 ಎಳೆಯ, 96 ಎಳೆಯ ಕೇಬಲ್‌ನಲ್ಲಿ ಟವರ್‌ಗಳಿಗೆ ಬೇಕಾದದ್ದು ಕೆಲವೇ ಎಳೆ. ಮಿಕ್ಕವು ಸುಮ್ಮನೆ ಮಲಗಿದ್ದವು. ಅದೇ ಎಳೆಗಳನ್ನು ಬಡಾವಣೆಯ ಬಾಯಿವರೆಗೆ ಫೀಡರ್ (ಮುಖ್ಯ ಎಳೆ) ಆಗಿ ಬಳಸಿಕೊಂಡರು. ರಸ್ತೆ ಅಗೆಯಲು ಪಾಲಿಕೆಗೆ ಕಟ್ಟುವ ದುಡ್ಡು, ಡ್ರಿಲ್ಲಿಂಗ್ ಖರ್ಚು ಎಲ್ಲ ಮೊಬೈಲ್ ಲೆಕ್ಕದಲ್ಲಿ ಆಗಲೇ ಹೋಗಿತ್ತು. ಕೇಬಲ್‌ನವರ ಬಳಿ ಇಲ್ಲದ ಅನುಕೂಲ ಇದೊಂದೇ, ಆದರೆ ಬಹಳ ದೊಡ್ಡದು.

ಈಗ ಒಂದು ಬೀದಿಯ ಲೆಕ್ಕ ಮಾಡೋಣ. ಮನೆಗೆ ಬರುವ ಫೈಬರ್ ಇವತ್ತು ಬಹುಪಾಲು ಜಿಪಾನ್, ಒಂದೇ ಎಳೆಯ ಬೆಳಕನ್ನು ಹಲವು ಮನೆಗೆ ಹಂಚುವ ಪದ್ಧತಿ. ಎಕ್ಸ್‌ಚೇಂಜ್‌ನಲ್ಲೋ ಟವರ್ ಬುಡದಲ್ಲೋ ಇರುವ, ಕಂಪನಿ ಕಡೆಯ ಒಎಲ್‌ಟಿ ಪೆಟ್ಟಿಗೆಯ ಒಂದು ಪೋರ್ಟ್‌ನಿಂದ ಒಂದೇ ಎಳೆ ಹೊರಡುತ್ತದೆ. ಕೆಳಗಿಳಿಯುವ ಬೆಳಕು 1490 ನ್ಯಾನೋಮೀಟರ್, 2.488 ಜಿಬಿಪಿಎಸ್, ಮೇಲೆ ಹೋಗುವುದು 1310 ನ್ಯಾನೋಮೀಟರ್, 1.244 ಜಿಬಿಪಿಎಸ್. ದಾರಿಯಲ್ಲಿ ಕರೆಂಟೇ ಬೇಡದ ಸ್ಪ್ಲಿಟರ್‌ಗಳು ಆ ಬೆಳಕನ್ನು ಹಂಚುತ್ತವೆ. ಬೆಳಕಿನ ಬಲದ ಅಳತೆ ಡಿಬಿಎಂ, ದಾರಿಯಲ್ಲಿ ಆಗುವ ನಷ್ಟದ ಅಳತೆ ಡಿಬಿ. ಬಿ ಪ್ಲಸ್ ದರ್ಜೆಯ ಪೋರ್ಟ್‌ನಿಂದ ಪ್ಲಸ್ 3 ಡಿಬಿಎಂ ಹೊರಟಿತು ಅಂದುಕೊಳ್ಳಿ. 4 ಕಿಲೋಮೀಟರ್ ಫೀಡರ್‌ಗೆ 1 ಡಿಬಿ ಹೋಯಿತು. ಬಡಾವಣೆ ಬಾಯಲ್ಲಿ 1:8 ಸ್ಪ್ಲಿಟರ್, 10.5 ಡಿಬಿ. ಬೀದಿ ಕಂಬದಲ್ಲಿ ಇನ್ನೊಂದು 1:8, ಮತ್ತೆ 10.5. ಆರು ಸ್ಪ್ಲೈಸ್‌ಗೆ (ಎಳೆಗಳ ಬೆಸುಗೆ) ಸೇರಿ 0.6, ನಾಲ್ಕು ಕನೆಕ್ಟರ್‌ಗೆ 1.6. ಒಟ್ಟು 24.2 ಡಿಬಿ. ಮನೆಯೊಳಗಿನ ಒಎನ್‌ಟಿ ಪೆಟ್ಟಿಗೆಗೆ ಸಿಗುವುದು ಮೈನಸ್ 21.2 ಡಿಬಿಎಂ. ಪೆಟ್ಟಿಗೆ ಮೈನಸ್ 27ರವರೆಗೆ ತಡೆಯಬೇಕು ಅನ್ನುತ್ತದೆ ಪುಸ್ತಕ, ಲೈನ್‌ನವರು ಮಾತ್ರ ಮೈನಸ್ 25 ದಾಟಿದರೆ ಲೈನ್ ಒಪ್ಪಿಕೊಳ್ಳಬಾರದು ಅನ್ನುತ್ತಾರೆ. ಅವರ ಮಾತೇ ಸರಿ.

ಅಂದರೆ 64 ಮನೆಗೆ ಒಂದು ಪೋರ್ಟ್. ಎಲ್ಲರೂ ಒಂದೇ ಕ್ಷಣ ಪೂರ್ತಿ ಎಳೆದರೆ ತಲಾ ಸುಮಾರು 39 ಎಂಬಿಪಿಎಸ್. ಹಾಗೆ ಯಾರೂ ಎಳೆಯುವುದಿಲ್ಲವಾದ್ದರಿಂದ 100 ಎಂಬಿಪಿಎಸ್ ಪ್ಲಾನ್ 64 ಜನಕ್ಕೂ ಮಾರಬಹುದು. ಕಂಪನಿಗೆ ಒಂದು ಬೀದಿಯಲ್ಲಿ ಗಿಟ್ಟುತ್ತದೋ ಇಲ್ಲವೋ ಅನ್ನುವುದು ಈ 64ರಲ್ಲಿ ಎಷ್ಟು ತುಂಬಿತು ಅನ್ನುವುದರ ಮೇಲೆ. ಫೀಡರ್, ಸ್ಪ್ಲಿಟರ್, ಕಂಬದ ಬಾಕ್ಸ್ ಮೂರು ಮನೆಗೂ ಅಷ್ಟೇ, ಐವತ್ತು ಮನೆಗೂ ಅಷ್ಟೇ. ಆರು ತಿಂಗಳು ಮುಂಗಡ ಕಟ್ಟಿದರೆ ರೂಟರ್ ಫ್ರೀ, ಇನ್‌ಸ್ಟಾಲೇಷನ್ ಫ್ರೀ ಅಂತ ಬೀದಿಯ ತುದಿಯಲ್ಲಿ ಕೊಡೆ ನೆಟ್ಟು ಕೂರುವುದು, ಅಪಾರ್ಟ್‌ಮೆಂಟ್ ಅಸೋಸಿಯೇಷನ್ ಜೊತೆ ಮೊದಲೇ ಒಪ್ಪಂದ ಮಾಡಿಕೊಳ್ಳುವುದು, ಎಲ್ಲವೂ ಆ ಬಾಕ್ಸ್ ತುಂಬಿಸುವ ಅವಸರಕ್ಕೆ.

ಕೆಡುವುದು ಎಲ್ಲಿ? ಹೆಚ್ಚು ಕಡಿಮೆ ಯಾವಾಗಲೂ ಕೊನೆಯ ನೂರು ಮೀಟರ್‌ನಲ್ಲೇ. ಮನೆಯೊಳಗೆ ಡ್ರಾಪ್ ಕೇಬಲ್‌ನ ತುದಿಗೆ ಕನೆಕ್ಟರ್ ಹಾಕುವ ದಾರಿ ಎರಡು. ಒಂದು, ಫ್ಯೂಷನ್ ಸ್ಪ್ಲೈಸ್. ಸಿಪ್ಪೆ ಸುಲಿದು, 250 ಮೈಕ್ರಾನ್ ಲೇಪ ತೆಗೆದು, 125 ಮೈಕ್ರಾನ್ ಗಾಜು ಉಳಿಸಿ, ಐಸೋಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ, ಕ್ಲೀವರ್‌ನಲ್ಲಿ ನೇರ ಕತ್ತರಿಸಿ, ಕಿಡಿ ಕೊಟ್ಟು ಬೆಸೆದು, ಸ್ಲೀವ್ ಬಿಸಿ ಮಾಡುವುದು. ನಷ್ಟ 0.1 ಡಿಬಿಗಿಂತ ಕಮ್ಮಿ. ಇನ್ನೊಂದು ಫಾಸ್ಟ್ ಕನೆಕ್ಟರ್: ಕತ್ತರಿಸಿ, ತೂರಿಸಿ, ಒತ್ತಿದರೆ ಮುಗಿಯಿತು, ಎರಡೇ ನಿಮಿಷ. ಒಳಗಿರುವ ಜೆಲ್ ಒಣಗುತ್ತಾ ಬಂದ ಹಾಗೆ ಅಥವಾ ಸ್ವಲ್ಪ ಜಾರಿದರೂ ನಷ್ಟ 1 ಡಿಬಿ, 2 ಡಿಬಿ ಅಂತ ಏರುತ್ತದೆ. ದಿನಕ್ಕೆ ಇಷ್ಟು ಕನೆಕ್ಷನ್ ಅಂತ ದುಡ್ಡು ಸಿಗುವ ಹುಡುಗ ಯಾವುದನ್ನು ಹಾಕುತ್ತಾನೆ ಅಂತ ಬೇರೆ ಹೇಳಬೇಕಿಲ್ಲ.

ಹಸಿರು ಕನೆಕ್ಟರ್, ನೀಲಿ ಕನೆಕ್ಟರ್ ಅದಲು ಬದಲಾಗುವುದು ಇನ್ನೊಂದು. ಹಸಿರಿನ ತುದಿ 8 ಡಿಗ್ರಿ ಓರೆ, ನೀಲಿಯದು ನೇರ. ಒಂದಕ್ಕೊಂದು ಸಿಕ್ಕಿಸಿದರೆ ಕೂರುತ್ತದೆ, ದೀಪವೂ ಉರಿಯಬಹುದು, ಆದರೆ ನಡುವಿನ ಗಾಳಿ ಸಂದಿಯಲ್ಲಿ ಹಲವು ಡಿಬಿ ಹೋಗುತ್ತದೆ. ಆಮೇಲೆ ಬಗ್ಗಿಸುವುದು: ಕಿಟಕಿಯ ಸಂದಿಯಲ್ಲಿ ಲಟಕ್ಕನೆ ತಿರುಗಿಸಿದರೆ ಗಾಜಿನೊಳಗಿಂದ ಬೆಳಕು ಸೋರುತ್ತದೆ. ಹಳೇ ಮಾದರಿಯ ಎಳೆಗೆ 30 ಮಿಲಿಮೀಟರ್ ತ್ರಿಜ್ಯದ ತಿರುವು ಬೇಕು, ಮನೆಯೊಳಗೆ ಬಳಸುವ ಜಿ.657ಎ2ಗೆ 7.5 ಸಾಕು. 1310ಕ್ಕಿಂತ 1490 ಹೆಚ್ಚು ಸೋರುತ್ತದೆ, ಆದ್ದರಿಂದ ಡೌನ್‌ಲೋಡ್ ದಿಕ್ಕೇ ಮೊದಲು ಸೊರಗುತ್ತದೆ. ಹೊರಗೆ ಮರದ ಕೊಂಬೆ, ಎತ್ತರದ ಲಾರಿ, ಅಳಿಲು. ಮಲೆನಾಡಿನ ಊರುಗಳಲ್ಲಿ ಮಂಗ. ಕೋತಿ ಜೋತಾಡಿದ ಡ್ರಾಪ್‌ನಲ್ಲಿ ಹೊರಗಿನ ಸಿಪ್ಪೆ ಸರಿಯಾಗೇ ಇರುತ್ತದೆ, ಒಳಗೆ ಗಾಜು ಮುರಿದಿರುತ್ತದೆ; ಕೆಂಪು ಲೇಸರ್ ಪೆನ್ನು ಹಚ್ಚಿದರೆ ಮಾತ್ರ ಮುರಿದ ಜಾಗ ಹೊಳೆಯುತ್ತದೆ.

ಮನೆಯವರು ನೋಡಬೇಕಾದದ್ದು ಇಷ್ಟು. ಎಲ್‌ಒಎಸ್ ದೀಪ ಕೆಂಪಗೆ ಮಿಟುಕಿದರೆ ಬೆಳಕೇ ಬರುತ್ತಿಲ್ಲ, ಹೊರಗೆ ಕಟ್. ಪಾನ್ ದೀಪ ಹಸಿರಾಗಿ ಮಿಟುಕುತ್ತಲೇ ಇದ್ದರೆ ಬೆಳಕು ಬರುತ್ತಿದೆ, ನೋಂದಣಿ ಆಗುತ್ತಿಲ್ಲ: ಪವರ್ ಕಮ್ಮಿ, ಇಲ್ಲವೇ ಸೀರಿಯಲ್ ನಂಬರ್ ತಪ್ಪು. ಇಡೀ ಬೀದಿ ಒಟ್ಟಿಗೆ ಮಿಟುಕುತ್ತಿದ್ದರೆ ಯಾವುದೋ ಒಂದು ಮನೆಯ ಒಎನ್‌ಟಿ ಕೆಟ್ಟು ತನ್ನ ಸರದಿ ಬಿಟ್ಟು ಸದಾ ಬೆಳಕು ಬಿಡುತ್ತಿರಬಹುದು, ಒಂದೊಂದೇ ಮನೆ ಕಳಚಿ ಹುಡುಕಬೇಕು. ರೂಟರ್‌ನ ಪುಟದಲ್ಲಿ ಆರ್‌ಎಕ್ಸ್ ಪವರ್ (ಮನೆಗೆ ಬಂದು ಸೇರುವ ಬೆಳಕಿನ ಬಲ) ಅಂತ ಇದ್ದರೆ ಹಾಕಿಸಿದ ದಿನವೇ ಆ ಅಂಕಿಯ ಫೋಟೋ ತೆಗೆದಿಟ್ಟುಕೊಳ್ಳಿ. ಆರು ತಿಂಗಳ ಮೇಲೆ 3 ಡಿಬಿ ಇಳಿದಿದ್ದರೆ ಬೆಳಕು ಅರ್ಧಕ್ಕೆ ಬಂದಿದೆ ಅಂತ ಅರ್ಥ, ಕಾಲ್ ಸೆಂಟರ್‌ನವರ ಜೊತೆ ಮಾತಾಡಲು ಅದೊಂದು ಆಧಾರ. ಕರೆಂಟ್ ಹೋದಾಗ 12 ವೋಲ್ಟ್‌ನ ಮಿನಿ ಯುಪಿಎಸ್ ಸಾಕು. 8,800 ಎಂಎಎಚ್ ಅಂದರೆ 3.7 ವೋಲ್ಟ್ ಲೆಕ್ಕದಲ್ಲಿ ಸುಮಾರು 32 ವ್ಯಾಟ್ ಅವರ್, 9 ವ್ಯಾಟ್‌ನ ಪೆಟ್ಟಿಗೆ ಮೂರು ಗಂಟೆ ಓಡುತ್ತದೆ. ದಾರಿಯಲ್ಲಿ ಆಂಪ್ಲಿಫೈಯರ್ ಇಲ್ಲವಲ್ಲ, ಬೀದಿಗೆಲ್ಲ ಕರೆಂಟ್ ಹೋದರೂ ನೆಟ್ ಇರುತ್ತದೆ. ಕೇಬಲ್‌ನ ಎದುರು ಫೈಬರ್ ಗೆದ್ದದ್ದು ವೇಗಕ್ಕಿಂತ ಈ ಒಂದು ಗುಣದಿಂದ ಅನ್ನುವುದು ನನ್ನ ಅಭಿಪ್ರಾಯ.

ಇನ್ನು ದುಡ್ಡಿನ ವಿಷಯ, ಇದೇ ಮುಖ್ಯ. 2019ರ ಫೆಬ್ರವರಿ 1ರಿಂದ ಟೆಲಿಕಾಂ ನಿಯಂತ್ರಣ ಪ್ರಾಧಿಕಾರ ಟ್ರಾಯ್‌ನ ಹೊಸ ಟಿವಿ ದರ ಪದ್ಧತಿ ಜಾರಿಗೆ ಬಂತು. ಮೊದಲ 100 ಚಾನೆಲ್‌ಗೆ ನೆಟ್‌ವರ್ಕ್ ಶುಲ್ಕ ₹130ಕ್ಕಿಂತ ಹೆಚ್ಚಿರಬಾರದು, ಜಿಎಸ್‌ಟಿ ಸೇರಿ ₹153.40. 2024ರಲ್ಲಿ ಆ ಮಿತಿ ತೆಗೆದರು, ಆದರೆ ಲೆಕ್ಕ ಅರ್ಥವಾಗಲು ಅದೇ ಅಂಕಿ ಇಟ್ಟುಕೊಳ್ಳೋಣ. ಬೇರೆ ಒಪ್ಪಂದ ಇಲ್ಲದಿದ್ದರೆ ನೂರಕ್ಕೆ 55 ಭಾಗ ಎಂಎಸ್‌ಒಗೆ (ಹೆಡ್‌ಎಂಡ್ ನಡೆಸುವ ದೊಡ್ಡ ಕೇಬಲ್ ಕಂಪನಿ), 45 ಭಾಗ ಬೀದಿಯ ಕೇಬಲ್ ಆಪರೇಟರ್‌ಗೆ. ಅಂದರೆ ₹58.50. ಮನೆಯವರು ₹150ರ ಪೇ ಚಾನೆಲ್ ತಗೊಂಡರೆ ಅದರಲ್ಲಿ ವಿತರಣಾ ಶುಲ್ಕ ಶೇ. 20, ₹30, ಅದರ 45 ಭಾಗ ₹13.50. ಒಂದು ಮನೆಗೆ ತಿಂಗಳಿಗೆ ₹72. ಅದರಲ್ಲೇ ಹುಡುಗರ ಸಂಬಳ, ಆಂಪ್ಲಿಫೈಯರ್ ಕರೆಂಟ್, ವಸೂಲಿ.

ಈಗ ಟೆಲಿಕಾಂ ಕಂಪನಿಯವರು ಬಂದು ನಮ್ಮ ₹499ರ ಪ್ಲಾನ್ ನಿನ್ನ ಬೀದಿಯಲ್ಲಿ ಹಾಕು, ಒಎಲ್‌ಟಿ ನಮ್ಮದು, ಬ್ಯಾಂಡ್‌ವಿಡ್ತ್ ನಮ್ಮದು, ಡ್ರಾಪ್ ಎಳೆದು ನೋಡಿಕೊಳ್ಳುವುದು ನಿನ್ನದು, ಪಾಲು ಕೊಡುತ್ತೇವೆ ಅನ್ನುತ್ತಾರೆ. ಪಾಲು ಬರೀ ಶೇ. 30 ಅಂತಲೇ ಹಿಡಿಯಿರಿ, ₹150 ಆಯಿತು. ಟಿವಿಯಲ್ಲಿ ಬರುವುದರ ಎರಡರಷ್ಟು. ಮನೆಯಾಕೆಗೆ ಸಂಜೆ ಆರರಿಂದ ಹತ್ತರವರೆಗೆ ಕನ್ನಡದ ಧಾರಾವಾಹಿ ಬೇಕು, ಹುಡುಗರಿಗೆ ಒಟಿಟಿ ಬೇಕು, ಎರಡೂ ಒಂದೇ ಬಿಲ್‌ನಲ್ಲಿ ಸೆಟ್ ಟಾಪ್ ಬಾಕ್ಸ್ ಸಮೇತ ಸಿಕ್ಕರೆ ಕೇಬಲ್ ಬಿಲ್ ಯಾಕೆ? ಕೇಬಲ್ ಒಕ್ಕೂಟಗಳ ದೂರೂ ಇದೇ: ಆ್ಯಪ್‌ನಲ್ಲಿ ಬರುವ ಚಾನೆಲ್‌ಗೆ ನಮ್ಮ ಮೇಲಿನ ದರ ನಿಯಮ ಅನ್ವಯಿಸುವುದಿಲ್ಲ ಅಂತ. ದೂರು ನ್ಯಾಯವಾದದ್ದೇ, ಆದರೆ ದೂರಿನಿಂದ ಬೀದಿ ಉಳಿಯಲಿಲ್ಲ.

ರಿಲಯನ್ಸ್ 2018ರ ಅಕ್ಟೋಬರ್‌ನಲ್ಲಿ ಕೇಬಲ್ ಕಂಪನಿಗಳಾದ ಡೆನ್‌ನ ಶೇ. 66, ಹಾಥ್‌ವೇಯ ಶೇ. 51.3 ಪಾಲನ್ನು ಕೊಳ್ಳುವುದಾಗಿ ಹೇಳಿದ್ದು, ₹5,000 ಕೋಟಿಗೂ ಮೀರಿ ಸುರಿದದ್ದು, ಹಳೇ ಕೋಆಕ್ಸಿಯಲ್ ತಂತಿಗಲ್ಲ. ಆ ಎರಡು ಕಂಪನಿಗಳ ಜೊತೆ 27,000 ಸ್ಥಳೀಯ ಆಪರೇಟರ್‌ಗಳಿದ್ದರು. ಯಾವ ಮನೆಯ ಮಹಡಿ ಹತ್ತಬಹುದು, ಯಾವ ಕಾಂಪೌಂಡಿನ ಮೇಲೆ ತಂತಿ ಹಾಯಿಸಿದರೆ ಮನೆ ಮಾಲೀಕ ರೇಗುವುದಿಲ್ಲ ಅನ್ನುವುದು ಗೊತ್ತಿದ್ದವರು ಅವರೇ. ಏರ್‌ಟೆಲ್ ಚಿಕ್ಕ ಊರುಗಳಿಗೆ ಹೋದದ್ದೂ ಆಪರೇಟರ್‌ಗಳ ಜೊತೆಗೇ. ಬಿಎಸ್‌ಎನ್‌ಎಲ್‌ನ ಫೈಬರ್ ಸಹ ಬಹಳ ಕಡೆ ಪಾಲುದಾರರ ಕೈಯಿಂದಲೇ ಮನೆ ಸೇರುತ್ತದೆ.

ಸೋಲೊಪ್ಪದ ಆಪರೇಟರ್‌ಗಳೂ ಇದ್ದಾರೆ, ಅವರ ಉಪಾಯ ನನಗೆ ಇಷ್ಟ. ತಾವೇ ನಾಲ್ಕೋ ಎಂಟೋ ಪೋರ್ಟ್‌ನ ಅಗ್ಗದ ಒಎಲ್‌ಟಿ ತಂದು, ಅದೇ ಎಳೆಯಲ್ಲಿ 1550 ನ್ಯಾನೋಮೀಟರ್‌ನಲ್ಲಿ ಕೇಬಲ್ ಟಿವಿಯನ್ನೂ ಹಾಯಿಸುತ್ತಾರೆ. ಇಡಿಎಫ್‌ಎ ಅನ್ನುವ ಬೆಳಕಿನ ಆಂಪ್ಲಿಫೈಯರ್ ಎರಡನ್ನೂ ಬೆರೆಸಿ ಪೋರ್ಟ್‌ಗೆ ಪ್ಲಸ್ 20 ಡಿಬಿಎಂ ಆಸುಪಾಸು ಟಿವಿ ಬೆಳಕು ಕೊಡುತ್ತದೆ. ಮೇಲಿನ 24 ಡಿಬಿ ನಷ್ಟ ಕಳೆದರೂ ಮನೆಗೆ ಮೈನಸ್ 4, ಬೇಕಾದಷ್ಟಾಯಿತು. ಮನೆಯಲ್ಲಿ ಟಿವಿ ತಂತಿಗೆ ಆರ್‌ಎಫ್ ಪೋರ್ಟ್ ಇರುವ ಒಎನ್‌ಯು (ಒಎನ್‌ಟಿಯಂಥದೇ ಪೆಟ್ಟಿಗೆ), ಅದರಿಂದ ಹಳೇ ಸೆಟ್ ಟಾಪ್ ಬಾಕ್ಸ್‌ಗೆ ಒಂದು ಗೇಣು ಆರ್‌ಜಿ-6. ಎಲ್ಲ ಚಾನೆಲ್ ಬರುತ್ತವೆ, ಇಂಟರ್ನೆಟ್‌ನ ಒಂದು ಎಂಬಿಯೂ ಖರ್ಚಾಗುವುದಿಲ್ಲ. ಎಚ್ಚರ ಎರಡು ಕಡೆ ಬೇಕು. ದಾರಿಯುದ್ದಕ್ಕೂ ಹಸಿರು ಕನೆಕ್ಟರೇ ಇರಬೇಕು, ಒಂದು ನೀಲಿ ಸೇರಿದರೂ ಬೆಳಕು ಹಿಂದಕ್ಕೆ ಚಿಮ್ಮಿ ಟಿವಿ ಚಿತ್ರ ಚೌಕಚೌಕ ಒಡೆಯುತ್ತದೆ. ಮತ್ತೆ, ಇಡಿಎಫ್‌ಎ ಪೋರ್ಟ್‌ನೊಳಗೆ ಕಣ್ಣಿಟ್ಟು ನೋಡಲೇಬಾರದು: ಪ್ಲಸ್ 20 ಅಂದರೆ 100 ಮಿಲಿವ್ಯಾಟ್, ಕಣ್ಣಿಗೆ ಕಾಣದ ಬೆಳಕು, ಕಣ್ಣಿಗೆ ಪೆಟ್ಟಾದ ಮೇಲೆ ಗೊತ್ತಾಗುತ್ತದೆ.

ಇವರು ಸೋಲುವುದು ಬೀದಿಯಲ್ಲಲ್ಲ, ಹೊರಗಿಂದ ಇಂಟರ್ನೆಟ್ ತರುವ ಅಪ್‌ಲಿಂಕ್‌ನಲ್ಲಿ. 1 ಜಿಬಿಪಿಎಸ್ ಸಗಟು ಕೊಂಡು 500 ಮನೆಗೆ ಹಂಚಿದರೆ ತಲಾ 2 ಎಂಬಿಪಿಎಸ್. ಒಂದು ಎಚ್‌ಡಿ ವಿಡಿಯೋಗೇ ಐದು ಬೇಕು. ಕ್ರಿಕೆಟ್ ಮ್ಯಾಚ್ ದಿನ ರಾತ್ರಿ ಎಂಟಕ್ಕೆ ಸುತ್ತುವ ಚಕ್ರ ಶುರು. ದೊಡ್ಡ ಕಂಪನಿಗಳ ಜಾಲದೊಳಗೇ ಯೂಟ್ಯೂಬ್, ನೆಟ್‌ಫ್ಲಿಕ್ಸ್ ವಿಡಿಯೋಗಳ ನಕಲು ಇಟ್ಟುಕೊಂಡ ಕ್ಯಾಶ್ ಸರ್ವರ್ ಕೂತಿರುತ್ತವೆ, ಅವರಿಗೆ ಆ ಟ್ರಾಫಿಕ್ ಹೊರಗಿಂದ ಕೊಳ್ಳಬೇಕಿಲ್ಲ. ಸಗಟು ಕೊಳ್ಳುವಾಗ ಕ್ಯಾಶ್ ಟ್ರಾಫಿಕ್ ಬೇರೆ, ಮಾಮೂಲಿ ಇಂಟರ್ನೆಟ್ ಬೇರೆ ಅಂತ ದರ ಬಿಡಿಸಿ ಕೇಳದ ಆಪರೇಟರ್ ಮೊದಲ ವರ್ಷದಲ್ಲೇ ಕೈ ಸುಟ್ಟುಕೊಳ್ಳುತ್ತಾನೆ.

ತಂತಿ ಹಾಯಿಸಲು ಬಿಡದ ಬೀದಿಗಳಿಗೆ ಕಂಪನಿಗಳು 2023ರಿಂದ ಏರ್‌ಫೈಬರ್ ಹಾಕುತ್ತಿವೆ, ಮಹಡಿ ಮೇಲೆ 5ಜಿ ಡಬ್ಬಿ. ಹೆಸರಲ್ಲಿ ಫೈಬರ್ ಇದೆ, ತಂತಿ ಇಲ್ಲ. ಬೀದಿಯಲ್ಲಿ ಹತ್ತಿಪ್ಪತ್ತು ಗಿರಾಕಿ ಜಮೆಯಾದ ಮೇಲೆ ನಿಜವಾದ ಫೈಬರ್ ತರುವುದು ಲೆಕ್ಕಾಚಾರ. ಫೈಬರ್ ಸಿಗುವ ಕಡೆ ಇದನ್ನು ಆರಿಸಿಕೊಳ್ಳಬೇಡಿ.

ಟೆಲಿಕಾಂ ಜೊತೆ ಸಹಿ ಹಾಕುವ ಆಪರೇಟರ್ ಕಾಗದದಲ್ಲಿ ನಾಲ್ಕು ಸಾಲು ಹುಡುಕಬೇಕು. ಪಾಲು ಯಾವ ಮೊತ್ತದ ಮೇಲೆ, ಜಿಎಸ್‌ಟಿ ಕಳೆದ ಮೇಲೋ ಲೈಸೆನ್ಸ್ ಶುಲ್ಕವನ್ನೂ ಕಳೆದ ಮೇಲೋ. ಒಂದು ವರ್ಷದ ಮುಂಗಡ ಕಟ್ಟಿದ ಗಿರಾಕಿಯ ಪಾಲು ಒಟ್ಟಿಗೋ ತಿಂಗಳು ತಿಂಗಳೋ. ಸುಟ್ಟ ಒಎನ್‌ಟಿ ಬದಲಿಸುವ ಖರ್ಚು ಯಾರದು. ಎಲ್ಲಕ್ಕಿಂತ ಮುಖ್ಯ, ಒಪ್ಪಂದ ಮುರಿದರೆ ಗಿರಾಕಿ ಯಾರವನು, ಕಂಬದ ಮೇಲಿನ ಡ್ರಾಪ್ ಯಾರದು. ಕೊನೆಯದನ್ನು ಬರೆಸಿಕೊಳ್ಳದಿದ್ದರೆ ಎರಡು ವರ್ಷದಲ್ಲಿ ಕಂಪನಿಯ ಸ್ವಂತ ಹುಡುಗರು ಅದೇ ಬಾಕ್ಸ್ ತೆರೆಯುತ್ತಾರೆ.

ಇಷ್ಟೆಲ್ಲ ಕಾಗದ ಒಂದು ಕಡೆ. ಬೆಸ್ಕಾಂನವರೋ ಪಾಲಿಕೆಯವರೋ ನೇತಾಡುವ ಕೇಬಲ್ ತೆರವು ಅಂತ ಬಂದು ಕಂಬದ ಗಂಟನ್ನೆಲ್ಲ ಒಂದೇ ಏಟಿಗೆ ಕತ್ತರಿಸಿ ಹೋದ ದಿನ ನೋಡಬೇಕು. ಯಾವ ಲೇಸು ಯಾರ ಮನೆಯದು ಅಂತ ಕಾಲ್ ಸೆಂಟರ್‌ಗೆ ಗೊತ್ತಿಲ್ಲ. ಸ್ಪ್ಲೈಸಿಂಗ್ ಮೆಷಿನ್ ಬ್ಯಾಗ್ ಹೆಗಲಿಗೇರಿಸಿ ಏಣಿ ಹಿಡಿದು ಮೊದಲು ಬರುವವನು ಆ ಬೀದಿಯ ಕೇಬಲ್ ಹುಡುಗ. ಮೊದಲು ಯಾರ ಲೈನ್ ಜೋಡಿಸುತ್ತಾನೋ ಅದು ಅವತ್ತು ರಾತ್ರಿಯ ಧಾರಾವಾಹಿಗೆ ಮುಂಚೆ ಬರುತ್ತದೆ, ಮಿಕ್ಕವು ನಾಳೆಯೋ ನಾಡಿದ್ದೋ.